ಕೈಬೆನ್ನಿನ ಗೆರೆಗಳು

ಗಾಣಕ್ಕೆ ಕಬ್ಬು ಯಾವುದು ಕೈ ಯಾವುದು ಗೊತ್ತಾಗಲ್ಲ.
ಮಂಡ್ಯದ ವಿ.ವಿ. ರಸ್ತೆ, ಮಧ್ಯಾಹ್ನ ಎರಡೂಕಾಲು,
ಜಲ್ಲೆಯ ನಡುವೆ ಶುಂಠಿ ಇಟ್ಟು ಎರಡನೇ ಸಲ ಮಡಚಿ ಕೊಡುವಾಗ
ಬಳೆ ಮೊದಲು ಹೋಯಿತು, ಆಮೇಲೆ ನಾನು.
ಗಿರಾಕಿ ಇಪ್ಪತ್ತು ರೂಪಾಯಿ ಹಿಡಿದೇ ನಿಂತಿದ್ದ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಡಾಕ್ಟರ್ ಉತ್ತಯ್ಯ ಬಟ್ಟೆ ಬಿಚ್ಚಿ ನೋಡಿ ಏನೂ ಅನ್ನಲಿಲ್ಲ.
ತೊಳೆದರು. ಎರಡು ದಿನ ಬಿಟ್ಟು ಮತ್ತೆ ತೊಳೆದರು.
ಕಪ್ಪಾದದ್ದನ್ನೆಲ್ಲ ಕತ್ತರಿಸಿದರು, ಕೆಂಪು ಜಿನುಗುವ ತನಕ.
‘ಸತ್ತದ್ದು ಒಳಗುಳಿದರೆ ಬದುಕಿದ್ದೂ ಕೊಳೆಯುತ್ತೆ,
ಅವಸರಕ್ಕೆ ಮುಚ್ಚಬಾರದು’ ಅಂದರು.
ಅತ್ತೆ ಮನೆಯ ಹಳೇ ಜಗಳವೊಂದು ನೆನಪಾಯಿತು,
ಹೇಳಲಿಲ್ಲ.

ಪಕ್ಕದ ಹಾಸಿಗೆಯ ಸುಟ್ಟ ಹುಡುಗಿಗೆ
ತೊಡೆಯಿಂದ ಈರುಳ್ಳಿ ಸಿಪ್ಪೆಯಂಥ ಚರ್ಮ ತೆಗೆದು ಹಾಸಿದ್ದರು.
ನನಗೂ ಅದನ್ನೇ ಮಾಡಿ ಎಂದೆ.
‘ಬರೀ ಮೂಳೆಯ ಮೇಲೆ ಅದು ಹತ್ತಲ್ಲ ಕಣಮ್ಮ,
ಬಂಡೆ ಮೇಲೆ ಪೈರು ನೆಟ್ಟ ಹಾಗೆ.
ತನ್ನ ನೀರು ತಾನೇ ತರೋ ಚರ್ಮ ಬೇಕು.’
ನೀರಿನ ಮಾತು ಮಂಡ್ಯದವಳಿಗೆ ಹೇಳಬೇಕೆ?
ನಾಲೆ ಒಡೆದರೆ ಕೊನೇ ಗದ್ದೆಗೆ ಏನಾಗುತ್ತೆಂದು
ನಾನೇ ಅವರಿಗೆ ಹೇಳಿದೆ.

ಹೊಟ್ಟೆಯ ಚರ್ಮವನ್ನು ಮೂರು ಕಡೆ ಕುಯ್ದು
ಒಂದು ಕಡೆ ಹಾಗೇ ಬಿಟ್ಟು
ಕೈಯನ್ನು ಅದರಡಿ ತೂರಿಸಿ ಹೊಲಿದರು.

ಮೂರು ವಾರ
ಮಡಿಲಲ್ಲಿ ಏನೋ ಕದ್ದು ಬಚ್ಚಿಟ್ಟುಕೊಂಡವಳ ಹಾಗೆ ಬಿದ್ದಿದ್ದೆ.
ಕೆಮ್ಮಲು ಭಯ, ಮಗ್ಗುಲಾಗಲು ಭಯ.
ಜಡೆ ಇಂಚರ ಹಾಕಬೇಕು. ಸೊಟ್ಟಗೆ ಹಾಕುತ್ತಿದ್ದಳು.
ಕೈ ಮುಟ್ಟಿದರೆ ಹೊಟ್ಟೆ ಮುಟ್ಟಿದಂತಾಗುತ್ತಿತ್ತು,
ಯಾರು ಯಾರೆಂದು ಮೈಗೇ ತಿಳಿಯದು.
ಬೆಳಿಗ್ಗೆ ಸಿಸ್ಟರ್ ಸಗಾಯಮೇರಿ ಬೆರಳಿಂದೊತ್ತಿ ಬಿಡುವರು,
ಬಿಳಿಚಿಕೊಂಡದ್ದಕ್ಕೆ ಬಣ್ಣ ಮರಳಿದರೆ
‘ಕುಡೀತಾ ಇದೆ’ ಅನ್ನುವರು,
ಬಾಣಂತಿಗೆ ಕೂಸಿನ ಸುದ್ದಿ ಹೇಳಿದ ಹಾಗೆ.

ಬಿಡಿಸುವ ಮೊದಲು ರಬ್ಬರು ಕೊಳವೆಯಿಂದ ಬುಡ ಬಿಗಿದು ಕಾದರು.
ಹತ್ತು ನಿಮಿಷ. ಹದಿನೈದು.
ಹೊಟ್ಟೆಯ ದಾರಿ ಮುಚ್ಚಿದರೂ ಕೈ ತನ್ನ ರಕ್ತ ತಾನೇ ಕಳಿಸಿತು.
‘ಇನ್ನು ಮೊಲೆ ಬಿಡಿಸಬಹುದು’ ಎಂದು ನಕ್ಕರು ಸಿಸ್ಟರ್.

ಈಗ ನೋಡಿ:
ಕೈಬೆನ್ನ ಮೇಲೆ ಒಂದು ಹಿಡಿ ಹೊಟ್ಟೆ,
ಅದರ ಮೇಲೆ ಮಾಸಲು ಬಿಳಿಯ ಗೆರೆಗಳು.
ಇಂಚರ ಒಳಗಿದ್ದಾಗ ಚರ್ಮ ಹಿಗ್ಗಿ ಮೂಡಿದವು.
ಹದಿನೇಳು ವರ್ಷ ಸೀರೆ ನೆರಿಗೆಯ ಕತ್ತಲಲ್ಲಿದ್ದು
ಈಗ ನಡುರಸ್ತೆಯಲ್ಲಿ ಚಿಲ್ಲರೆ ಎಣಿಸುತ್ತವೆ.
ಕಾಲೇಜಿನ ಹುಡುಗರು ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ.
ಲೋಟ ಸರಿಯಾಗಿ ಹಿಡ್ಕೊಳ್ಳಪ್ಪಾ ಅನ್ನುತ್ತೇನೆ.

ಎರಡು ಬೆರಳು ಮಡಚಲ್ಲ. ಮಡಚಲ್ಲವೆಂದು ಮೊದಲೇ ಹೇಳಿದ್ದರು.
ಅಂಚು ಆರು ತಿಂಗಳು ಕೆಂಪಗೆ ಉಬ್ಬಿ, ನವೆಯಾಗಿ,
ಕೊಬ್ಬರಿ ಎಣ್ಣೆ ಕುಡಿದು ಕುಡಿದು ತಣ್ಣಗಾಯಿತು.
ಗಾಣಕ್ಕೆ ತಗಡಿನ ಮರೆ ಕಟ್ಟಿಸಿದ್ದೇನೆ, ಎಂಟುನೂರು ಆಯಿತು.

ರಾತ್ರಿ ಅಂಗಡಿ ಲೆಕ್ಕ ಮುಗಿದ ಮೇಲೆ
ಕಣ್ಣು ಮುಚ್ಚು ಅನ್ನುತ್ತಾಳೆ ಮಗಳು,
ಪೆನ್ನಿನ ತುದಿಯಿಂದ ಅಲ್ಲಲ್ಲಿ ಒತ್ತುತ್ತಾಳೆ.
ಗೊತ್ತಾಯ್ತಾ?
ಇಲ್ಲ.
ಇಲ್ಲಿ?
ಇಲ್ಲ.

ನಿನ್ನೆ, ಹೊಲಿಗೆಯಿಂದ ಬೆರಳಗಲ ಒಳಗೆ,
ಏನೋ ಮಿಸುಕಿದಂತಾಯಿತು,
ಐದನೇ ತಿಂಗಳಲ್ಲಿ ಒಂದು ಸಂಜೆ ಆಗಿತ್ತಲ್ಲ,
ಹಾಗೆ.
ತಡಿ, ಎಂದೆ.
ಅಲ್ಲೇ ಇನ್ನೊಂದು ಸಲ ಒತ್ತು.