ಎಷ್ಟು ವರ್ಷದ ಕೊಳವೆ

ಚಾಕ್ವಿಯಲ್ಲಿ ಮಳೆಗೆ ರಜೆಯಿಲ್ಲ.
ಕಪ್ಪು ಸಮುದ್ರದಿಂದ ಎದ್ದದ್ದೆಲ್ಲ ಬೆಟ್ಟಕ್ಕೆ ಹಣೆ ಚಚ್ಚಿಕೊಂಡು
ನಮ್ಮ ಅಂಗಳಕ್ಕೇ ಬಂದು ಬೀಳುತ್ತದೆ.
ಕೆಂಪು ಜೇಡಿ ನೆಲ, ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ,
ಮುನಿಸಿಕೊಂಡ ಮಗುವಿನ ಹಾಗೆ
ಬಾಯಲ್ಲಿಟ್ಟುಕೊಂಡೇ ಕೂರುತ್ತದೆ.
ಹೋದ ಚಳಿಗಾಲ ಎರಡು ಮ್ಯಾಂಡರಿನ್ ಗಿಡ
ನಿಂತಲ್ಲೇ ಬೇರು ಕೊಳೆತು ಸತ್ತವು.
ಎಳೆದರೆ ಹುಳುಕು ಹಲ್ಲಿನಂತೆ ಸಲೀಸಾಗಿ ಬಂದವು.

ಅಂಗಡಿಯ ಗೋಚಾ ಕೇಳಿದ:
"ಎಷ್ಟು ವರ್ಷ ಬಾಳಬೇಕು, ನಾಜಿಬ್ರೋಲಾ ಅಜ್ಜಿ?"
ಯಾರು, ನಾನೋ ಕೊಳವೆಯೋ?
ನನಗೆ ಎಪ್ಪತ್ತಮೂರು.
ಅವನು ನಗಲಿಲ್ಲ. ದರಪಟ್ಟಿ ತೆಗೆದ.

ಮೂವತ್ತೊಂದು ವರ್ಷ ಹಣ್ಣು ಕೊಳ್ಳುವ ಕೇಂದ್ರದಲ್ಲಿ
ತಕ್ಕಡಿಯ ಮುಂದೆ ನಿಂತವಳು ನಾನು.
ಕೈಯಲ್ಲಿ ಎತ್ತಿ ನೋಡದೆ ಯಾವ ಮಾತನ್ನೂ ನಂಬಿದವಳಲ್ಲ.

ಎತ್ತಿದೆ: ಸುರುಳಿ ಸುತ್ತಿದ ಸುಕ್ಕು ಪ್ಲಾಸ್ಟಿಕ್ಕು,
ಅಗ್ಗ, ಹಗುರ, ಬಗ್ಗಿಸಿದತ್ತ ಬಗ್ಗುತ್ತದೆ,
ಹಣ್ಣಿನ ಲಾರಿಯ ಗಾಲಿಗೂ ಬಗ್ಗುತ್ತದೆ.
ಉಂಗುರದಿಂದ ತಟ್ಟಿದೆ. ಟೊಳ್ಳಾಗಿ ಕೆಮ್ಮಿತು.
ಎತ್ತಿದೆ: ತಗಡಿನ ಕೊಳವೆ, ಕನ್ನಡಿಯಂಥ ಮೈ.
ಈ ಮಣ್ಣು ಅದನ್ನು ಹತ್ತೇ ವರ್ಷದಲ್ಲಿ
ತನ್ನ ಬಣ್ಣಕ್ಕೆ ಎಳೆದುಕೊಳ್ಳುತ್ತದೆ.
ಸಿಮೆಂಟಿನದು ಎತ್ತಲಾಗಲಿಲ್ಲ.

ಅಕ್ಕನ ಮಗ ಮುರ್ತಾಜ್ ಗುಟ್ಟು ಹೇಳುವವನಂತೆ ಬಂದ:
"ಪಾಳುಬಿದ್ದ ಚಹಾ ಕಾರ್ಖಾನೆಯ ಹಿಂದೆ
ಸರ್ಕಾರದ ಕಾಲದ ಬೂದು ಕೊಳವೆಗಳಿವೆ, ಪುಕ್ಕಟೆ.
ಹೂತರೆ ಮರಿಮಕ್ಕಳ ಕಾಲಕ್ಕೂ ಅಲುಗುವುದಿಲ್ಲ."
ಗೊತ್ತು. ಅವನ್ನು ಗರಗಸದಲ್ಲಿ ಕೊಯ್ದವರಲ್ಲಿ ಒಬ್ಬ ನನ್ನ ಗಂಡ.
ಸಂಜೆ ಅವನ ಅಂಗಿ ಕೊಡವಿದರೆ
ಹಿಟ್ಟಿನ ಗಿರಣಿಯವನ ಅಂಗಿ ಕೊಡವಿದಂತೆ.
ಶೋತಾ ಹೋಗಿ ಇಪ್ಪತ್ತೆರಡು ವರ್ಷ, ಎದೆ ಕಟ್ಟಿಕೊಂಡು.
ಕೊಳವೆಗೆ ಇನ್ನೂ ಏನೂ ಆಗಿಲ್ಲ.

ಬೇಡ ಮುರ್ತಾಜ್.
ಬಾಳಿಕೆ ಅನ್ನುವುದು ಗುಣವೇ ಆಗಿರಬೇಕೆಂದಿಲ್ಲ.

ಕೊನೆಗೆ ಕೊಂಡದ್ದು ಎರಡೇ ತುಂಡು,
ಕಿತ್ತಳೆ ಬಣ್ಣದ, ಬೆರಳು ದಪ್ಪದ ಗೋಡೆಯವು,
ಲಾರಿ ಹಾಯುವ ಗೇಟಿನ ಕೆಳಗಷ್ಟೇ.
ಉಳಿದದ್ದು ತೆರೆದ ಕಾಲುವೆ, ಹೊಳೆಗಲ್ಲಿನದು.
ಹೂಳು ತುಂಬಿದರೆ ಕಣ್ಣಿಗೆ ಕಾಣಬೇಕು,
ಕುಂಟೆಗೆ ಸಿಗಬೇಕು, ಕಪ್ಪೆಗೂ ಒಂದು ದಾರಿ ಬೇಕು.
ಹೊಳೆಯಲ್ಲಿ ಸಾವಿರ ವರ್ಷ ಉರುಳಿ ಬಂದ ಕಲ್ಲಿಗೆ
ಗೋಚಾ ಏನು ಖಾತರಿ ಬರೆದುಕೊಟ್ಟಾನು?

ಎಲ್ಲ ಆಯ್ತು. ಕಲ್ಲು ಬಂತು, ಗುದ್ದಲಿ ಬಂತು.
ಆಗ ಮುರ್ತಾಜ್ ಕೇಳಿದ, ಮೊದಲೇ ಕೇಳಬೇಕಾದದ್ದನ್ನು:
"ನೀರು ಕೊನೆಗೆ ಹೋಗುವುದೆಲ್ಲಿಗೆ?"

ತಗ್ಗಿರುವ ಕಡೆಗೆ.
ತಗ್ಗಿರುವುದು ನೋದರಿಯ ಜೋಳದ ಪಟ್ಟಿ.
ನಾಲ್ಕು ವರ್ಷದ ಹಿಂದೆ ನನ್ನ ಅಂಗಳದ ನೀರು
ಅವನ ಜೋಳ ಮಲಗಿಸಿತ್ತು.
ಅಂದಿನಿಂದ ನಮ್ಮ ನಡುವೆ ಮಾತಿಲ್ಲ.
ಮಳೆಗೆ ಕರಗದ, ತುಕ್ಕು ಹಿಡಿಯದ,
ಯಾವ ಲಾರಿಗೂ ಜಜ್ಜಿಹೋಗದ ಒಂದು ಸಾಮಾನು
ಊರಲ್ಲೇ ಇತ್ತು, ನೋಡಿ, ನಾವೇ ಮಾಡಿದ್ದು.

ಒಂದು ಬುಟ್ಟಿ ಹಣ್ಣು ಹೊತ್ತು ಹೋದೆ.
ತೂಕ ಮಾಡಿರಲಿಲ್ಲ, ಜೀವಮಾನದಲ್ಲಿ ಮೊದಲ ಸಲ.
ಅವನು ಬುಟ್ಟಿ ನೋಡಿದ, ನನ್ನ ಬೂಟಿನ ಕೆಸರು ನೋಡಿದ,
ಒಳಗೆ ಹೋಗಿ ಬಾಗಿಲು ಹಾಕಿಕೊಂಡ.
ಹಣ್ಣು ಹೊಸ್ತಿಲಲ್ಲೇ ಬಿಟ್ಟು ಬಂದೆ.

ಬೆಳಿಗ್ಗೆ ಬೇಲಿಯಾಚೆ ನಿಂತಿದ್ದ,
ಹೆಗಲ ಮೇಲೆ ತೆಳ್ಳನೆಯ ಪಾರದರ್ಶಕ ನಳಿಕೆ,
ಮಟ್ಟ ನೋಡಲು ಗಾರೆಯವರು ಹಿಡಿಯುವಂಥದ್ದು, ನೀರು ತುಂಬಿದ್ದು.
ಒಂದು ತುದಿಯನ್ನು ಬೇಲಿಯ ಮೇಲಿಂದ ಚಾಚಿದ.
ಅವನ ಗೂಟಕ್ಕೆ ಅವನು ಹಿಡಿದ, ನನ್ನ ಗೂಟಕ್ಕೆ ನಾನು.
ಅವನ ಪಟ್ಟಿಯ ಅಂಚಿನಲ್ಲಿ, ತೊರೆಯ ತನಕ,
ಮೀಟರಿಗೆ ಒಂದು ಬೆರಳು ಇಳಿಜಾರು ಸಿಕ್ಕಬೇಕು.

"ಅಲುಗಾಡಿಸಬೇಡ," ಎಂದ.
ನಾಲ್ಕು ವರ್ಷದ ಮೇಲಿನ ಮೊದಲ ಮಾತು.

ನೀರು ಇನ್ನೂ ತೂಗುತ್ತಿದೆ,
ಅಲ್ಲಿ ಒಂದಿಷ್ಟು ಏರಿ, ಇಲ್ಲಿ ಒಂದಿಷ್ಟು ಇಳಿದು.
ತಕ್ಕಡಿ ನಿಲ್ಲುವ ತನಕ ಉಸಿರು ಹಿಡಿಯುವುದು
ನನಗೆ ಹಳೆಯ ಅಭ್ಯಾಸ.