ಸ್ಥಳ ವಿಚಾರಣೆ

ಲಗ್ಗೆರೆ ಮೂರನೇ ಅಡ್ಡರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ
ಮೊದಲು ಅಂಗಡಿಯವನನ್ನು ಕೇಳಿದೆ. ಪದ್ಧತಿ ಅದು:
ಮನೆಗಿಂತ ಮುಂಚೆ ಅಂಗಡಿ.
‘ಪಿಳ್ಳಪ್ಪನ ಮಗಳಾ? ತಿಂಗಳ ಲೆಕ್ಕ ತಿಂಗಳಿಗೇ ಚುಕ್ತಾ.
ಹೋದ ಸಲ ನಲವತ್ತು ರೂಪಾಯಿ ಜಾಸ್ತಿ ಕೊಟ್ಟು
ವಾಪಸ್ ಈಸ್ಕೊಳ್ಳೋದು ಮರ್ತವ್ಳೆ. ಹೆಂಗೂ ಹೋಗ್ತಿದ್ದೀರಲ್ಲ, ನೀವೇ ಕೊಟ್ಬಿಡಿ’
ಎಂದು ಎರಡು ಇಪ್ಪತ್ತರ ನೋಟು ನನ್ನ ಕೈಗಿಟ್ಟ.

ಮುನಿಲಕ್ಷ್ಮಿ, ವಯಸ್ಸು ಇಪ್ಪತ್ತೊಂಬತ್ತು.
ಜಾಲಹಳ್ಳಿಯ ರೇಡಾರ್ ಕಾರ್ಖಾನೆಯಲ್ಲಿ ಬೆಸುಗೆ ಕೆಲಸ.
ಆದೇಶ ಕೈಗೆ ಬಂದಿದೆ,
ಗೇಟು ತೆರೆಯಲು ನನ್ನ ಒಂದು ಹಾಳೆ ಬಾಕಿ.

ಕಲಂ ಹನ್ನೆರಡು: ಎಂದಾದರೂ ದಸ್ತಗಿರಿಯಾಗಿದ್ದೀರಾ?
‘ಹೌದು’ ಎಂದು ಬರೆದಿದ್ದಾಳೆ, ದುಂಡಗೆ,
ಮೇಷ್ಟ್ರು ಮೆಚ್ಚುವ ಹಾಗೆ.
ಇಲ್ಲ ಅಂದಿದ್ದರೆ ಸುಳ್ಳಿಗೇ ಕೆಲಸ ಹೋಗುತ್ತಿತ್ತು.
ಹೌದು ಅಂದದ್ದಕ್ಕೆ ನಾನು ಬಂದಿದ್ದೇನೆ.

ಆರು ವರ್ಷದ ಹಿಂದೆ ಪೀಣ್ಯದ ಗಾರ್ಮೆಂಟ್ಸಿಗೆ ಬೀಗ;
ಎರಡು ತಿಂಗಳ ಸಂಬಳ ಒಳಗೆ, ಹೆಂಗಸರು ಹೊರಗೆ.
ರಸ್ತೆಯಲ್ಲಿ ಕೂತರು. ವ್ಯಾನು ಬಂತು.
ರಾತ್ರಿಯಿಡೀ ಯಾವುದೋ ಕಲ್ಯಾಣಮಂಟಪ,
ಗೋಡೆಯಲ್ಲಿನ್ನೂ ಥರ್ಮೋಕೋಲಿನ ವಧೂವರರ ಹೆಸರು.
ನಾಲ್ಕನೇ ಆರೋಪಿ. ಮೂರು ವರ್ಷ ವಾಯಿದೆ. ಕೊನೆಗೆ ಖುಲಾಸೆ.
ಖುಲಾಸೆಗೆ ನಮ್ಮ ನಮೂನೆಯಲ್ಲಿ ಜಾಗವಿಲ್ಲ,
ಅಂಚಿನಲ್ಲಿ ಸಣ್ಣಗೆ ಗೀಚಿಕೊಂಡೆ.

‘ಸಾಲ?’
ಜಡೆಯ ರಬ್ಬರ್ ಬ್ಯಾಂಡು ಸುತ್ತಿದ ರಸೀದಿಗಳ ಕಟ್ಟು ತಂದಳು.
ಸಂಘದ್ದು, ಚಿನ್ನದ ಮೇಲಿನದು, ಮೊಬೈಲ್ ಆ್ಯಪಿನದು.
ವಕೀಲರಿಗೆ ಹೋದದ್ದೇ ಅದರಲ್ಲಿ ಅರ್ಧ.
ಕೇಸು ಹೆತ್ತ ಸಾಲ, ಈಗ ತಾಯಿ ಒಂದು ಕಲಂ, ಮಗು ಇನ್ನೊಂದು,
ಬಸ್ಸಿನಲ್ಲಿ ಪರಿಚಯವಿಲ್ಲದವರ ಹಾಗೆ ಕೂತಿವೆ.

ಸಾಲವಿದ್ದವರನ್ನು ಶತ್ರು ಕೊಂಡುಕೊಳ್ಳುತ್ತಾನೆ
ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.
ಇರಬಹುದು. ಸೊಸೈಟಿ ಕಂತು, ಮಗಳ ನರ್ಸಿಂಗ್ ಫೀಸು,
ನನ್ನ ಸಂಬಳದ ಚೀಟಿಯೂ ತೂತು ಕೊಡವೇ.
ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಕೊಳ್ಳಲು ಬಂದವರಲ್ಲಿ
ಶತ್ರುದೇಶದವರು ಒಬ್ಬರೂ ಇರಲಿಲ್ಲ.
ಎಲ್ಲ ಇಲ್ಲಿಯವರೇ. ಸೈಟು ಇದ್ದವರು, ಸಾಲ ಇಲ್ಲದವರು.

ಟೀ ಕೊಟ್ಟಳು. ಲೋಟ ಇಡುತ್ತ,
‘ಅವತ್ತು ಮಂಟಪದಲ್ಲಿ ನೀವೂ ಇದ್ರಿ ಸಾರ್,
ನಂಗೆ ನೀರಿನ ಬಾಟ್ಲಿ ಕೊಟ್ರಿ’ ಅಂದಳು.

ನನಗೆ ನೆನಪಿಲ್ಲ.
ಬಂದೋಬಸ್ತಿನಲ್ಲಿ ಎಷ್ಟು ಮಂಟಪ, ಎಷ್ಟು ಬಾಟಲಿ.
ಕೊಟ್ಟಿರಬಹುದು.
ಕೆಲಸ ಆಗಲಿ ಅಂತ ಹೇಳುತ್ತಿರಬಹುದು.
ಬೇರೆ ಯಾರೋ ಮೀಸೆಯವನಿರಬಹುದು.
ಎಫ್ಐಆರ್‌ನಲ್ಲಿ ನೀರಿನ ಬಗ್ಗೆ ಬರೆದಿರುವುದಿಲ್ಲ.
ನನ್ನ ಬಗ್ಗೆ ಯಾವ ಅಂಗಡಿಯವನನ್ನು ಕೇಳಲಿ?

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ಲಾರಿಗಳ ಹೊಗೆಯ ನಡುವೆ,
ಹಾಳೆಯನ್ನು ಮನಸ್ಸಿನಲ್ಲೇ ಬರೆದೆ:
‘ಸ್ಥಳೀಯವಾಗಿ ವಿಚಾರಿಸಲಾಗಿ, ಸಾಲವಿರುತ್ತದೆ, ಕಂತು ತಪ್ಪಿರುವುದಿಲ್ಲ.
ದಸ್ತಗಿರಿಯಾಗಿರುತ್ತದೆ. ಕಾರಣ, ಸಂಬಳ.’
ಸಾಹೇಬರು ಕೊನೆಯ ಎರಡು ಪದ ಹೊಡೆದುಹಾಕುತ್ತಾರೆ, ಗೊತ್ತು.
ಆಮೇಲೆ ಅವಳ ಮುಖ ಕಾಣದ ಇನ್ನಾರದೋ ಸಹಿ,
ಅತ್ತಲೋ ಇತ್ತಲೋ.

ಹಸಿರು ಬಿತ್ತು. ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದರೆ
ಎರಡು ಇಪ್ಪತ್ತರ ನೋಟು.
ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.