ನೀರಿನ ಮೇಲೆ ಗೆರೆ

ನೀರಿನ ಮೇಲೆ ಎಳೆದ ಗೆರೆ ನಿಲ್ಲುವುದಿಲ್ಲ ಅನ್ನುತ್ತಾರೆ.
ಮೂವತ್ತೊಂದು ವರ್ಷದಿಂದ ನನಗೆ ಸಂಬಳ
ಅದನ್ನು ನಿಲ್ಲಿಸುವುದಕ್ಕೆ.
ಕಾಂಕ್ರೀಟಿನ ಮೇಲೆ ತೆಳ್ಳಗೆ ನೀರು,
ಹೆಪ್ಪುಗಟ್ಟಿದ ಮೇಲೆ ಬಿಳಿ ಬಣ್ಣ, ಮತ್ತೆ ನೀರು,
ಆಮೇಲೆ ಕೆಂಪು ಗೆರೆ, ನೀಲಿ ಗೆರೆ,
ಮತ್ತೆ ನೀರು, ಮತ್ತೆ, ಬೆಳಗಿನ ಜಾವದ ತನಕ.
ಎಲ್ಲ ಸೇರಿ ಒಂದೂಕಾಲು ಇಂಚು ದಪ್ಪದ ಚಳಿಗಾಲ.

ಆ ವರ್ಷ ಆಟ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.
ಮಂಜು ಹಾಕಿಡು ಐನಾರ್, ಅಂದರು. ಹಾಕಿಟ್ಟೆ.

ಮಿನ್ನೆಸೋಟಾದ ಉತ್ತರ ತುದಿ, ಟ್ಯಾಮರಾಕ್ ಕಾಲೇಜು,
ಇಪ್ಪತ್ತಾರು ಹುಡುಗರು.
ವಾರಕ್ಕೆ ಮೂರು ಸಲ ಮೂಗಿಗೆ ಕಡ್ಡಿ.
ಪಕ್ ಬಡಿದು ಹಲ್ಲುದುರಿದಾಗ ನಕ್ಕವರು
ಆ ಹತ್ತಿಯ ಕಡ್ಡಿಗೆ ಕಣ್ಣೀರು ಸುರಿಸಿದರು.
ಡ್ರೆಸಿಂಗ್ ರೂಮಿಗೆ ಬೀಗ.
ಪಾರ್ಕಿಂಗಿನ ಹಿಮದಲ್ಲಿ, ತೆರೆದ ಡಿಕ್ಕಿಗಳ ಅಂಚಿನಲ್ಲಿ ಕೂತು
ಮರಗಟ್ಟಿದ ಬೆರಳಲ್ಲಿ ಲೇಸು ಬಿಗಿದುಕೊಳ್ಳುತ್ತಿದ್ದರು.

ಸ್ಕೇಟಿನ ಅಲಗು ಹಿಡಿಯುತ್ತಿಲ್ಲ, ಜಾರುತ್ತಿದೆ,
ಅಂತ ಡಿಸೆಂಬರಿನಲ್ಲಿ ಗೊಣಗಾಟ.
ಅಲಗು ಮಸೆಯುತ್ತಿದ್ದವನು ಲೈಲ್ ಹಾಸ್ಮರ್.
ಮೂರು ವಾರ ಆಸ್ಪತ್ರೆಯಲ್ಲಿದ್ದ. ಬರಲಿಲ್ಲ.
ಕಲ್ಲು ಅದೇ, ಯಂತ್ರ ಅದೇ,
ಕೈ ಮಾತ್ರ ನನ್ನದಾಗಿತ್ತು.
ಅದನ್ನು ಹೇಳಿದ ಮೇಲೆ ಯಾರೂ ಗೊಣಗಲಿಲ್ಲ.
ಜಾರಿದರು, ಎದ್ದರು, ಅಷ್ಟೇ.

ಪ್ರೇಕ್ಷಕರ ಜಾಗದಲ್ಲಿ ರಟ್ಟಿನ ಜನ.
ನಲವತ್ತು ಡಾಲರ್ ಕೊಟ್ಟರೆ ನಿಮ್ಮ ಫೋಟೊ ಒಂದು ಸೀಟಿಗೆ.
ಅಪ್ಪಂದಿರು, ಅಮ್ಮಂದಿರು, ಎರಡು ನಾಯಿ,
ಮೂರನೇ ಸಾಲಿನಲ್ಲಿ
ಗೋಲ್‌ಕೀಪರ್ ಡೆಲಾನೊನ ಅಜ್ಜಿ, ಲೊರೆಟ್ಟಾ ಫೇರ್‌ಬ್ಯಾಂಕ್ಸ್.
ನಿಜದ ಅಜ್ಜಿ ವೃದ್ಧಾಶ್ರಮದ ಕಿಟಕಿಯ ಒಳಗಿದ್ದಳು.
ಹಿಂದಿನ ಮೂರು ವರ್ಷವೂ ಗಾಜಿನ ಗೋಡೆಗೆ ಉಂಗುರ ಕುಟ್ಟಿ
ನಿದ್ದೆ ಮಾಡ್ತಿದ್ದೀಯೇನೋ, ಮೊಣಕಾಲು ಬಗ್ಗಿಸು, ಅಂತ
ಮೊಮ್ಮಗನನ್ನು ಬೈದವಳು.
ರಟ್ಟಿನವಳು ಸುಮ್ಮನೆ ನಗುತ್ತಿದ್ದಳು.
ಅವನು ಆ ಕಡೆ ನೋಡುತ್ತಲೇ ಇರಲಿಲ್ಲ.

ಚಪ್ಪಾಳೆಯೂ ರೆಕಾರ್ಡಿಂಗ್.
ಬಟನ್ ಒತ್ತುವ ಹುಡುಗ ಸದಾ ಅರೆಕ್ಷಣ ತಡ.
ಎದುರಾಳಿ ಗೋಲು ಹೊಡೆದಾಗ
ಇಡೀ ಊರು ಕುಣಿದಂತೆ ಕೂಗು.

ಇಪ್ಪತ್ತನಾಲ್ಕು ಪಂದ್ಯದಲ್ಲಿ ಆಡಿದ್ದು ಒಂಬತ್ತು, ಗೆದ್ದದ್ದು ಮೂರು.
ಒಮ್ಮೆ ಬಸ್ಸು ಅರ್ಧ ದಾರಿಯಿಂದ ವಾಪಸು.
ಪೆಟ್ರೋಲ್ ಬಂಕಿನ ಹಿಂದೆ ಹುಡುಗರು ಅಷ್ಟಷ್ಟು ದೂರ ನಿಂತು
ತಣ್ಣಗಿನ ಸ್ಯಾಂಡ್‌ವಿಚ್ ತಿಂದರಂತೆ,
ಯಾರ ರಿಪೋರ್ಟು ಅಂತ ಯಾರೂ ಕೇಳದೆ.

ಕೊನೆಯ ಪಂದ್ಯದ ದಿನ ಸಂಜೆ ನಾಲ್ಕಕ್ಕೆ ಫೋನು ಬಂತು.
ಆಗಲೇ ಯಂತ್ರ ಓಡಿಸಿ ಮುಗಿಸಿದ್ದೆ.
ಅಷ್ಟು ಒಳ್ಳೆಯ ಮಂಜು ನನ್ನ ಆಯಸ್ಸಿನಲ್ಲಿ ಹಾಕಿರಲಿಲ್ಲ,
ದೀಪದ ಸಾಲು ಅದರೊಳಗೆ ತಲೆಕೆಳಗಾಗಿ ಉರಿಯುತ್ತಿತ್ತು.
ಏನು ಮಾಡಲಿ ತೋಚಲಿಲ್ಲ.
ಯಾರೂ ಗೀಚದ ಮಂಜಿನ ಮೇಲೆ
ಇನ್ನೊಂದು ಸುತ್ತು ನೀರು ಬಿಟ್ಟೆ.

ಮಾರ್ಚಿನಲ್ಲಿ ಕರಗಿಸಿದೆ.
ಕೆಂಪು ನೀಲಿಗೆ ಸೇರಿ, ನೀಲಿ ಬಿಳಿಗೆ ಸೇರಿ
ಚರಂಡಿಗೆ ಹೋಯಿತು.
ರಟ್ಟಿನ ಜನರನ್ನು ಲಾರಿಗೆ ತುಂಬುವಾಗ ಡೆಲಾನೊ ಬಂದ.
ಅಜ್ಜಿಯನ್ನು ಎತ್ತಿಕೊಂಡು ಹೋಗಿ
ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿ
ಸೀಟ್ ಬೆಲ್ಟ್ ಹಾಕಿದ.
ನಾನು ಬೇರೆ ಕಡೆ ನೋಡಿದೆ.

ಏಪ್ರಿಲಿನಲ್ಲಿ ಅದೇ ಬರಿ ನೆಲದ ಮೇಲೆ ಲಸಿಕೆಗೆ ಕುರ್ಚಿ ಹಾಕಿಸಿದರು.
ಆರಾರು ಅಡಿಗೆ ಒಂದು. ಅಳತೆ ನನ್ನದೇ, ಟೇಪೂ ನನ್ನದೇ.
ತೊಳೆದರೂ ಹೋಗದ ಕೆಂಪು ಕಲೆ ಅಲ್ಲಲ್ಲಿ.
ಹದಿನೇಳನೇ ಕುರ್ಚಿ ಬಿದ್ದದ್ದು
ಸರಿಯಾಗಿ ಗೋಲಿನ ಬಾಯಲ್ಲಿ.
ಅಲ್ಲಿ ಬಂದು ಕೂತಳು ಲೊರೆಟ್ಟಾ,
ರಟ್ಟಿಗಿಂತ ಸಣ್ಣಗಾಗಿದ್ದಳು.
ಚುಚ್ಚಿಸಿಕೊಂಡ ತೋಳು ಒತ್ತಿಕೊಳ್ಳುತ್ತ
ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.
ಇಲ್ಲಿಂದ ಇಷ್ಟು ಅಗಲ ಕಾಣುತ್ತಾ, ಅಂದಳು.
ಮೊಮ್ಮಗ ಮಾತಾಡಲಿಲ್ಲ.

ಹದಿನೈದು ನಿಮಿಷ ಅಲ್ಲೇ ಕಾಯಬೇಕಿತ್ತು.
ಬೇಸರಕ್ಕೋ ಏನೋ
ಕುರ್ಚಿಯ ಕಬ್ಬಿಣಕ್ಕೆ ಉಂಗುರ ಕುಟ್ಟಿದಳು,
ಟಕ್, ಟಕ್.
ಅವನ ಮೊಣಕಾಲು ತಾನಾಗಿ ಬಾಗಿತು.